ಸಂತೆಯಲ್ಲಿ ಪಾಲಾದ ಮಾತ್ರೆ

ಜೂನ್ ೧೧
ಶಿಕಾರಿಪುರದಿಂದ ಮೊದಲ ಬಸ್ಸು. ಅಂಜನಾಪುರದಲ್ಲಿ ಮಾಳಮ್ಮ, ಆಮೇಲೆ ಸೊರಬದಲ್ಲಿ ಅವಳ ತಂಗಿ ಮೀನಾ. ಇಬ್ಬರಿಗೂ ಸ್ತನದ ಕ್ಯಾನ್ಸರ್, ಆಪರೇಷನ್ ಆಗಿದೆ. ಈಗ ನಮ್ಮ ಟ್ರಯಲ್‌ನಲ್ಲಿದ್ದಾರೆ — ರೋಗ ಬೇರೆಡೆಗೆ ಹರಡದಂತೆ ಹೊಸ ಮಾತ್ರೆ ತಡೆಯುತ್ತದೆಯೇ ಎಂದು ನೋಡಲು. ಮಾಮೂಲಿ ಚಿಕಿತ್ಸೆಯ ಜೊತೆಗೆ ಕೆಲವರಿಗೆ ಔಷಧ, ಕೆಲವರಿಗೆ ಅದೇ ಬಣ್ಣದ ಬರೀ ಹಿಟ್ಟು. ಯಾರದು ಯಾವುದು, ಹಂಚುವ ನನಗೂ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಕೆಲಸ. ಒಂದು ರೀತಿಯಲ್ಲಿ ಸುಖ.

ಆಗಸ್ಟ್ ೨೦
ಮಾಳಮ್ಮ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ಮಾತ್ರೆ ತೋರಿಸು ಎಂದೆ. ಒಳಗಿಂದ ಸ್ಟೀಲ್ ಡಬ್ಬಿ ತಂದಳು.
"ನಾನು ಕೊಟ್ಟ ಡಬ್ಬಿ ಎಲ್ಲಿ?"
"ನಂದು, ಮೀನಾಂದು ಎರಡೂ ಕೂಡಿಸ್ತೀವ್ರಿ. ಶಿರಾಳಕೊಪ್ಪ ಸಂತೇಲಿ ಸಿಗ್ತೀವಲ್ಲ, ಸೆರಗಿಗೆ ಸುರ್ಕಂಡು ಕಲಸಿ ಪಾಲು ಮಾಡ್ಕಂತೀವಿ."
"ಯಾಕಮ್ಮಾ?"
"ಒಬ್ಬಾಕಿಗೆ ಔಷಧ, ಇನ್ನೊಬ್ಬಾಕಿಗೆ ಹಿಟ್ಟು ಬಂದಿದ್ರೆ? ಒಡಹುಟ್ಟಿದೋರು ಹಂಗ ಉಣ್ಣಕ್ಕಾಗ್ತದೇನ್ರಿ?"
ಇಬ್ಬರದೂ ಔಷಧವೇ ಇರಬಹುದು, ಇಬ್ಬರದೂ ಹಿಟ್ಟೇ ಇರಬಹುದು ಎಂದೆ. ನಕ್ಕಳು.
"ಮತ್ತೆ ಪಾಲು ಮಾಡಿದ್ರೆ ನಿಮ್ಮ ಗಂಟೇನು ಹೋತ್ರಿ?"
ಬೆರೆತ ಮೇಲೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಡಬ್ಬಿಯ ಮಾತ್ರೆ ಎಣಿಸಿ ಬರೆದುಕೊಂಡೆ.

ಆಗಸ್ಟ್ ೨೩
ಟ್ರಯಲ್ ನಡೆಸುವ ಡಾಕ್ಟರ್ ಮಹಾಂತೇಶ್‌ಗೆ ಅಂದೇ ತಿಳಿಸಿದ್ದೆ. ಇಬ್ಬರ ಮಾತ್ರೆಯನ್ನೂ ನಿಲ್ಲಿಸಿದ್ದಾರೆ. ತಪಾಸಣೆ ಮಾತ್ರ ಮುಂದುವರಿಯುತ್ತದೆ. ಉಳಿದ ಮಾತ್ರೆ ವಾಪಸ್ ತರಲು ನಾನೇ ಹೋದೆ.
"ನಂದು ಬೇಕಾರೆ ಬಿಡ್ರಿ," ಎಂದಳು ಮಾಳಮ್ಮ. "ಅವಳಿಗಾರ ಕೊಡ್ರಿ. ಸಣ್ಣಾಕಿ."
ಇಬ್ಬರಿಗೂ ಇಲ್ಲ ಎಂದೆ. ಡಬ್ಬಿ ಕೈಗಿಟ್ಟು ಒಳಗೆ ಹೋದಳು. ಯಾವಾಗಲೂ ಚಹಾ ಕೊಡುತ್ತಿದ್ದಳು.

ನವೆಂಬರ್ ೬
ಮೀನಾಳ ಸೊಂಟನೋವು. ಭತ್ತ ಕೊಯ್ದದ್ದಕ್ಕೆ ಅಂದುಕೊಂಡಿದ್ದಳಂತೆ. ಸ್ಕ್ಯಾನ್ ಬಂತು. ಬೆನ್ನುಮೂಳೆಗೆ ಹರಡಿದೆ.

ನವೆಂಬರ್ ೯, ಸಂಜೆ
ಮುಂದಿನ ಚಿಕಿತ್ಸೆ ನಿರ್ಧರಿಸಲು, ಯಾರಿಗೆ ಯಾವುದು ಎಂಬ ಗುಟ್ಟು ತೆರೆದರು. ಮಾತ್ರೆ ಬೆರೆತಿದ್ದರಿಂದ ಇಬ್ಬರದೂ. ಮೀನಾಳ ಡಬ್ಬಿಯಲ್ಲಿದ್ದುದು ಔಷಧ. ಮಾಳಮ್ಮನದು ಹಿಟ್ಟು.
ಮೀನಾ ತನ್ನದನ್ನು ಪೂರ್ತಿ ನುಂಗಿದ್ದರೂ ಹರಡುತ್ತಿತ್ತೇನೋ. ಈ ಔಷಧ ಫಲ ಕೊಡುತ್ತದೆಯೇ ಎಂಬುದೇ ಇನ್ನೂ ಯಾರಿಗೂ ತಿಳಿಯದು... ಸರಿಯಾದ ಮಾತು. ಯಾರ ಮುಂದೆ ಆಡಲಿ?
ಡಾಕ್ಟರು ಮೀನಾಳಿಗೆ ಹೇಳುವಾಗ ಪಕ್ಕದಲ್ಲಿದ್ದೆ. ಅಳಲಿಲ್ಲ. ಹೊರಗೆ ಬಂದು ನನ್ನ ಕೈ ಹಿಡಿದಳು.
"ಅಕ್ಕಂಗೆ ನೀವು ಹೇಳ್ಬೇಡಿ ಮೇಡಂ. ನಾನೇ ಹೇಳ್ತೀನಿ."

ನವೆಂಬರ್ ೧೭
ಶಿರಾಳಕೊಪ್ಪ ಬಸ್ ಸ್ಟ್ಯಾಂಡ್. ಮಾಳಮ್ಮ, ಕಂಕುಳಲ್ಲಿ ರೊಟ್ಟಿ ಗಂಟು, ತಂಗಿಯ ಮನೆಗೆ. ನನ್ನನ್ನು ನೋಡಿ ತಾನೇ ಬಂದಳು.
"ಔಷಧ ನನ್ನ ಡಬ್ಬಿದಾಗಿತ್ತಂತೆ, ಮೀನಾ ಹೇಳಿದ್ಲು. ನಿನ್ನ ಪಾಲು ತಿಂದೇ ಇಷ್ಟು ದಿನ ಉಳ್ಕಂಡೆ ಅಕ್ಕಾ, ಅಂದ್ಲು. ಖರೇನಾ ಮೇಡಂ?"
ತಂಗಿ ಹೇಳಿದ ಸುಳ್ಳು. ಚೆನ್ನಾಗಿ ಕಟ್ಟಿದ್ದಳು.
ಹೌದು ಎಂದೆ.
ಸೊರಬದ ಬಸ್ಸು ಬಂತು. ಹತ್ತಿದಳು, ಸೀಟು ಸಿಕ್ಕಿತು. ಕಿಟಕಿಯ ಸರಳು ಹಿಡಿದು ಕೂಗಿದಳು —
"ಹಂಗಾರೆ ಮೇಡಂ, ನಂದು ಪೂರ್ತಿ ಅವಳಿಗೇ ಕೊಟ್ಟಿದ್ರೆ..."
ನಾನು ಕಿಟಕಿಯ ಕಡೆ ಓಡಿದೆ. ಬಸ್ಸು ಹೊರಟಿತ್ತು.