ನನ್ನ ಎಡೆಯಲ್ಲಿದ್ದ ಪೀಚ್ ಹಣ್ಣು

ಇಕುನೊ, ಒಸಾಕಾ
೧೫ ಆಗಸ್ಟ್ ೧೯೮೪

ಚಿರಂಜೀವಿ ಗಿಹೋನಿಗೆ ಅಮ್ಮನ ಆಶೀರ್ವಾದ.

ಹೌದು, ಗಿಹೋ ಅಂತಲೇ ಬರೆಯುತ್ತೇನೆ. ಕೋಬೆಯಲ್ಲಿ ನಿನ್ನ ಮನೆ ಬಾಗಿಲಿಗೆ ಹಾಕಿರುವ 'ಯನಾಗಾವಾ ಕೀಜಿ' ಎಂಬ ಫಲಕವನ್ನು ನಿನ್ನೆ ಕಣ್ಣಾರೆ ನೋಡಿದೆ. ಚೆನ್ನಾಗಿದೆ. ಆದರೆ ನಾನು ಹೆತ್ತದ್ದು ಯಾಂಗ್ ಗಿಹೋನನ್ನು.

ಎದೆ ಧಸಕ್ಕೆಂದಿತೇ? ನಾನೇನು ನಿನ್ನ ಮಾನ ತೆಗೆಯಲು ಬಂದವಳಲ್ಲ. "ಅಮ್ಮಾ, ಹೊಟ್ಟೆ ಆಪರೇಷನ್ನು, ಆಸ್ಪತ್ರೇಲಿದೀನಿ, ಈ ಸಲ ಹಬ್ಬಕ್ಕೆ ಬರಕ್ಕಾಗಲ್ಲ" ಎಂದು ಫೋನು ಮಾಡಿದವನು ನೀನು. ಹೆತ್ತ ಕರುಳು ಸುಮ್ಮನಿರುತ್ತದೆಯೇ? ಕೊರಿಯಾದ ನಮ್ಮ ಜೆಜು ದ್ವೀಪದಲ್ಲಿ ಕಾಯಿಲೆಯವರಿಗೆ ಮಾಡುವ ಕಡಲಚಿಪ್ಪಿನ ಗಂಜಿ ಕಾಯಿಸಿ, ಡಬ್ಬಿಗೆ ಬಟ್ಟೆ ಸುತ್ತಿಕೊಂಡು ರೈಲು ಹತ್ತಿದೆ. ಯಾವ ಆಸ್ಪತ್ರೆ ಅಂತ ನೀನು ಹೇಳಿರಲಿಲ್ಲ; ನಿನ್ನ ಮನೆಯ ವಿಳಾಸ ಸಿಕ್ಕಿದ್ದು ನೀನು ಹೋದ ಸಲ ಬಿಟ್ಟುಹೋದ ಕೋಟಿನ ಜೇಬಿನಲ್ಲಿ, ಲಾಂಡ್ರಿ ಚೀಟಿಯ ಮೇಲೆ. ಮದುವೆಯಾಗಿ ಇಷ್ಟು ವರ್ಷವಾದರೂ ನೀನಾಗಿ ಕೊಟ್ಟಿರಲಿಲ್ಲ.

ನಿನ್ನ ಹೆಂಡತಿ ಫುಮಿಯೆ ಬಾಗಿಲು ತೆರೆದಳು. ಅವಳನ್ನು ಕರೆದುಕೊಂಡು ಬಾ ಅಂದಾಗಲೆಲ್ಲ ಅವಳಿಗೆ ಕಾಯಿಲೆ ಅನ್ನುತ್ತಿದ್ದೆಯಲ್ಲ, ಮುಖ ನೋಡಿದರೆ ಹಾಗೇನೂ ಕಾಣಲಿಲ್ಲ. ನೀನು ಅವಳಿಗೆ ಏನು ಹೇಳಿದ್ದೀಯೋ ಎಂದು ಹೆದರಿ, ನಿನ್ನ ತಾಯಿಯ ಹಳೇ ನೆರೆಯವಳು ಅಂದುಬಿಟ್ಟೆ. ಆಪರೇಷನ್ ಹೇಗಾಯಿತೆಂದು ಕೇಳಿದರೆ ಅವಳು ಕಣ್ಣು ಬಾಯಿ ಬಿಟ್ಟಳು. "ಅವರಿಗೇನಾಗಿದೆ ಅಜ್ಜಿ? ಗುಂಡುಕಲ್ಲಿನ ಹಾಗಿದಾರೆ. ಬೆಳಿಗ್ಗೆನೇ ಗಾಲ್ಫ್ ಆಡೋಕೆ ಹೋದ್ರು."

ಗಂಜಿ ಡಬ್ಬಿ ಕೈಯಲ್ಲೇ ಉಳಿಯಿತು.

"ಓಬೋನ್ ದಿನವೇ ಬಂದಿದೀರಿ, ಹಿರಿಯರು ಮನೆಗೆ ಬರೋ ಹೊತ್ತು. ನಮ್ಮತ್ತೆಗೆ ಒಂದು ಊದಿನಕಡ್ಡಿ ಹಚ್ಚಿ ಹೋಗಿ ಅಜ್ಜಿ. ಪಾಪ, ನಾನಂತೂ ಅವರನ್ನ ನೋಡ್ಲೇ ಇಲ್ಲ" ಎಂದು ಕೈಹಿಡಿದು ಒಳಗೆ ಕರೆದೊಯ್ದಳು. ಹಿರಿಯರ ಪೀಠದ ಮೇಲೆ, ಕಪ್ಪು ಚೌಕಟ್ಟಿನೊಳಗೆ ನಾನಿದ್ದೆ, ಗಿಹೋ! ನಿನ್ನನ್ನು ಶಾಲೆಗೆ ಸೇರಿಸಿದ ದಿನದ ಫೋಟೋ. ಕೊರಿಯಾದವರೆಂದು ನಿನ್ನನ್ನು ಯಾರೂ ಆಡಿಕೊಳ್ಳದಿರಲಿ ಎಂದು ಅವತ್ತು ನಾನು ಪಕ್ಕದ ಮನೆಯವಳ ಕಿಮೋನೊ ಉಟ್ಟು ಬಂದಿದ್ದೆ. ಅದೇ ನಿನಗೆ ಅನುಕೂಲವಾಯಿತು. ನಿನ್ನ ತಾಯಿ ಜಪಾನಿನವಳು, ನೀನು ಕಾಲೇಜಿನಲ್ಲಿದ್ದಾಗ ಕ್ಷಯವಾಗಿ ಸತ್ತಳು ಅಂತ ಫುಮಿಯೆ ನನಗೇ ಕಥೆ ಹೇಳಿದಳು.

ನನ್ನ ಫೋಟೋಗೆ ನಾನೇ ಊದಿನಕಡ್ಡಿ ಹಚ್ಚಿ ಕೈಮುಗಿದೆ. ನಿನ್ನ ಮಗಳು ಚಿಹಾರು, ನಾನು ಮೊದಲ ಸಲ ಕಾಣುತ್ತಿರುವ ನನ್ನ ಮೊಮ್ಮಗಳು, ನನ್ನನ್ನೇ ಪಿಳಿಪಿಳಿ ನೋಡುತ್ತಿದ್ದಳು. "ಅಮ್ಮಾ, ಫೋಟೋ ಅಜ್ಜಿ ತರಾನೇ ಈ ಅಜ್ಜಿಗೂ ಕಿವಿ ಹತ್ರ ಮಚ್ಚೆ ಇದೆ!" ಅಂದಳು. "ಶ್, ದೊಡ್ಡವರಿಗೆ ಹಂಗೆಲ್ಲ ಅನ್ಬಾರ್ದು" ಎಂದು ಫುಮಿಯೆ ಗದರಿದಳು. ಆ ಮನೆಯಲ್ಲಿ ಕಣ್ಣಿದ್ದದ್ದು ಆ ಕೂಸಿಗೆ ಮಾತ್ರ.

ನೀನು ಹೆಸರು ಬದಲಾಯಿಸಿದಾಗ ನಾನು ತುಟಿ ಬಿಚ್ಚಲಿಲ್ಲ. ಯಾಂಗ್ ಎಂಬ ಹೆಸರು ನೋಡಿದ ಕೂಡಲೇ ಕೆಲಸವಿಲ್ಲ ಅನ್ನುತ್ತಿದ್ದ ಕಾಲ. "ಮೊದ್ಲು ಹೊಟ್ಟೆ ತುಂಬ್ಲಿ ಮಗಾ, ಹೆಸರು ಆಮೇಲೆ" ಅಂದವಳು ನಾನೇ. ಯುದ್ಧ ನಡೆಯುವಾಗ ನಾವೆಲ್ಲ ಚಕ್ರವರ್ತಿಯ ಪ್ರಜೆಗಳೆಂದು ನಿನ್ನ ಅಪ್ಪನನ್ನು ಕಲ್ಲಿದ್ದಲ ಗಣಿಗೆ ಅಟ್ಟಿದರು. ಯುದ್ಧ ಸೋತ ಮೇಲೆ ನೀವು ಯಾರೋ ಏನೋ ಎಂದು ನನ್ನ ಬೆರಳಿಗೆ ಮಸಿ ಬಳಿದು ಅಚ್ಚು ಒತ್ತಿಸಿಕೊಂಡರು. ಸರ್ಕಾರ ನನ್ನನ್ನು ಪರದೇಶಿ ಮಾಡಿತು. ನೀನು ಹೆಣ ಮಾಡಿದೆ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ನನ್ನ ಎಡೆಯಲ್ಲಿ ಪೀಚ್ ಹಣ್ಣಿತ್ತು. "ನಮ್ಮತ್ತೆಗೆ ಪೀಚ್ ಅಂದ್ರೆ ಪ್ರಾಣ ಅಂತೆ. ವರ್ಷವರ್ಷಾನೂ ಇವರೇ ಆರಿಸಿ ತರ್ತಾರೆ" ಅಂದಳು ಆ ಹುಡುಗಿ. ಪ್ರಾಣವೇ ಹೌದು. ಆದರೆ ನಮ್ಮವರು ಎಡೆಗೆ ಪೀಚ್ ಇಡುತ್ತಾರೇನೋ? ಪೀಚ್ ಇದ್ದ ಮನೆಯ ಹೊಸಿಲನ್ನು ಸತ್ತವರು ದಾಟಲಾರರು. ನೀನು ಚಿಕ್ಕವನಿದ್ದಾಗ ಅಪ್ಪನ ತಿಥಿಗೆ ಆಸೆಯಿಂದ ಒಂದು ಪೀಚ್ ತಂದಿಟ್ಟೆ. "ಅಪ್ಪ ಮನೆಗೆ ಬರೋದು ಬೇಡ್ವೇನೋ ನಿಂಗೆ?" ಎಂದು ಕೈಮೇಲೆ ಹೊಡೆದಿದ್ದೆ. ಆಮೇಲೆ ನೀನು ಅತ್ತದ್ದು ನೋಡಲಾಗದೆ ನಾನೂ ಅತ್ತಿದ್ದೆ.

ಅದನ್ನು ಮರೆತು ಇಟ್ಟೆಯೋ, ನೆನಪಿದ್ದೇ ಇಟ್ಟೆಯೋ? ಬದುಕಿದ್ದಾಗ ಬರಬೇಡ ಅಂದೆ, ಸರಿ. ಸತ್ತ ಮೇಲೂ ನಾನು ನಿನ್ನ ಮನೆಗೆ ಬರಬಾರದೇ? ಇದೊಂದಕ್ಕೆ ಉತ್ತರ ಕೊಡು.

ಮುಂದಿನ ತಿಂಗಳು ಅಪ್ಪನ ತಿಥಿ. ಬಟ್ಟಲಿಗೆ ಮದ್ಯ ಸುರಿದು ಅಡ್ಡಬೀಳಬೇಕಾದ ಹಿರಿಮಗ ನೀನು. ಬರುವುದಾದರೆ ಹೆಂಡತಿ ಮಗಳನ್ನು ಕರೆದುಕೊಂಡು ಬಾ. ಕಳ್ಳನ ಹಾಗೆ ಒಬ್ಬನೇ ಬರುವುದಾದರೆ ಬರಲೇಬೇಡ. ನಿನ್ನ ಚಿಕ್ಕಪ್ಪನ ಮಗ ಇದ್ದಾನೆ, ಅವನ ಕೈಯಲ್ಲಿ ಮಾಡಿಸುತ್ತೇನೆ.

ಇನ್ನೂ ಬದುಕಿರುವ ನಿನ್ನ ತಾಯಿ,
ಬು ಒಕ್‌ಸುನ್

ಮರೆತ ಮಾತು: ಇದನ್ನು ಯಾರ ಕೈಯಲ್ಲೋ ಬರೆಸಿದ್ದೇನೆ ಅಂದುಕೊಳ್ಳಬೇಡ. ನಿನಗೆ ಹೇಳದೆ ಸಂಜೆ ಶಾಲೆಗೆ ಹೋಗಿ ಜಪಾನಿ ಅಕ್ಷರ ಕಲಿತೆ, ಒಂದು ದಿನ ನಿನಗೆ ಕಾಗದ ಬರೆದು ಬೆರಗುಗೊಳಿಸಬೇಕೆಂಬ ಹುಚ್ಚು ಆಸೆಯಿಂದ. ನನಗೆ ಬರುವುದು ಮಕ್ಕಳೂ ಓದುವಂಥ ಸುಲಭದ ಅಕ್ಷರ ಮಾತ್ರ. ಲಕೋಟೆಯ ಮೇಲೆ ಫುಮಿಯೆಯ ಹೆಸರು ಬರೆದಿದ್ದೇನೆ. ಅವಳು ಓದಿದ ಮೇಲೆಯೇ ಇದು ನಿನ್ನ ಕೈಗೆ ಬರುತ್ತದೆ.

ಫುಮಿಯೆ, ಎಡೆಯಲ್ಲಿರುವ ಆ ಪೀಚ್ ತೆಗೆದು ಚಿಹಾರುಗೆ ಕೊಡಮ್ಮ. ಮಗು ತಿನ್ನಲಿ.