ಗೆರೆಯಾಚೆಯ ಕೂಸು

ಫೆಬ್ರವರಿ ಮೂವತ್ತು, ಎರಡು ಸಾವಿರದ ನಾನೂರ ಹತ್ತೊಂಬತ್ತು
ಮೆಣಸಿನ ಹಜಾರ, ಹಾವೇರಿ ಬದಿ

ಗೋಡೆಯಿರುವ ಮನೆಗಳಲ್ಲಿ ವಾಸವಾಗಿರುವ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ನೀರು ಹಂಚುವುದು ಸುಲಭವಾಗಲೆಂದು ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ಉಳಿದದ್ದಕ್ಕೆಲ್ಲ ಕ್ಷಮೆ ಕೇಳಬೇಕಾದವರು ನೀವು. ನನ್ನ ಹೆಸರು ನೀಲಗಂಗವ್ವ. ಈ ಕಾಗದ ಹಿಂದಿನ ಕಾಲಕ್ಕೆ ಹೇಗೆ ತಲುಪುತ್ತದೆಯೋ ನನಗೂ ತಿಳಿಯದು, ತಲುಪದಿದ್ದರೂ ನಷ್ಟವಿಲ್ಲ. ನನಗೀಗ ತಲೆ ತಗ್ಗಿಸಿ ಮಾಡುವಂಥ ಒಂದು ಕೆಲಸ ಬೇಕಾಗಿದೆ. ನನ್ನ ಬೆನ್ನ ಹಿಂದೆ ಪಕ್ಕದ ಮನೆಯ ಕೂಸು ಬೆಳಗಿನಿಂದ ಜ್ವರದಲ್ಲಿ ಅಳುತ್ತಿದೆ. ಅದರ ತಾಯಿ ಸಾವಂತ್ರೆವ್ವ ನೀರಿನ ಸಾಲಿಗೆ ಹೋಗಿದ್ದಾಳೆ.

ಮನೆ ಎಂದರೆ ಗೆರೆಮನೆ. ನೆಲದ ಮೇಲೆ ಕೆಮ್ಮಣ್ಣಿನಿಂದ ಎಳೆದ ನಾಲ್ಕು ಗೆರೆ, ನಡುವೆ ಒಂದು ಸಂಸಾರ. ನೀವು ಮೆಣಸಿನಕಾಯಿ ಒಣಹಾಕುತ್ತಿದ್ದ ಹೊಲಗಳ ಮೇಲೆ ಎದ್ದ ಹಜಾರ ಇದು. ಹುಬ್ಬಳ್ಳಿಯಲ್ಲಿ ಶುರುವಾದ ಚಾವಣಿ ದಾವಣಗೆರೆ ದಾಟುವ ತನಕ ಮುಗಿಯುವುದಿಲ್ಲ. ಮೊದಮೊದಲು ಇಲ್ಲಿಯೂ ಗೋಡೆಗಳಿದ್ದವಂತೆ. ಗೋಡೆಯ ದಪ್ಪದಲ್ಲಿ ಒಬ್ಬ ಮಲಗಬಹುದೆಂದು ಯಾರಿಗೋ ಹೊಳೆಯಿತು, ಒಡೆದರು. ಪರದೆ ಕಟ್ಟಿದರು. ಉಡಲು ಬಟ್ಟೆ ಸಾಲದೆ ಬಂದಾಗ ಪರದೆಯನ್ನೂ ಹರಿದು ಉಟ್ಟರು. ಕೊನೆಗೆ ಉಳಿದದ್ದು ಗೆರೆ. ನಿಮ್ಮ ಕಾಲದಲ್ಲಿ ದೇವರಿಗೂ ಒಂದು ಬೇರೆ ಕೋಣೆ ಇತ್ತೆಂದು ಅಜ್ಜಿ ಹೇಳಿದಾಗ ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು. ಕಾಲು ಚಾಚಿ ಮಲಗಬೇಕಿಲ್ಲದ ದೇವರಿಗೆ ಕೋಣೆ!

ನೀವು ಕೆಟ್ಟವರೆಂದು ನಾನು ಹೇಳುವುದಿಲ್ಲ. ಮದುವೆಯಾಗಿ ಮೂರು ತಿಂಗಳಾದ ಹುಡುಗಿಯನ್ನು ಕಂಡರೆ ‘ಏನವ್ವಾ, ಏನರ ವಿಶೇಷ ಐತೇನು?’ ಎಂದು ಕೇಳಿದಿರಿ. ಒಂದು ಹೆತ್ತವಳಿಗೆ ‘ಇದಕ್ಕೊಂದು ಜೋಡಿ ಇರ್ಲಿ’ ಎಂದಿರಿ. ಎರಡು ಹೆಣ್ಣು ಹೆತ್ತವಳಿಗೆ ‘ಇನ್ನೊಂದ್ ನೋಡ್ರಿ’ ಎಂದಿರಿ. ಎಲ್ಲವೂ ಪ್ರೀತಿಯಿಂದಲೇ. ನಿಮ್ಮ ಮೊಮ್ಮಕ್ಕಳೂ ಮರಿಮಕ್ಕಳೂ ಹಾಗೆಯೇ ಅಂದರು. ಅಷ್ಟಪುತ್ರವತಿಯಾಗು ಎಂದು ಹರಸುತ್ತಿದ್ದಿರಲ್ಲ, ನಮ್ಮ ಹಜಾರದಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ. ಆ ಮಾತಿಗೆ ನೀರಿನ ಸಾಲಿನಲ್ಲಿ ಹಲ್ಲು ಉದುರಿದ್ದನ್ನು ಕಂಡಿದ್ದೇನೆ.

ಇಷ್ಟು ಒತ್ತೊತ್ತಾಗಿ ಬಾಳುವ ನಮ್ಮ ಮರ್ಯಾದೆ ಉಳಿದಿರುವುದು ಕಾಣದಿಕೆಯಿಂದ. ಗೆರೆಯಾಚೆಯದನ್ನು ನೋಡಬಾರದು, ಕೇಳಿಸಿಕೊಳ್ಳಬಾರದು, ಆಚೆಯವರನ್ನು ಕೂಗಿ ಕರೆಯಲೂಬಾರದು, ಅದೇ ಕಾಣದಿಕೆ. ಸ್ನಾನ, ಜಗಳ, ಭೇದಿ, ಬಾಣಂತನ ಎಲ್ಲವೂ ಒಂದು ಮೊಳದ ದೂರದಲ್ಲಿ ನಡೆಯುವಾಗ ಬೇರೆ ದಾರಿ ಇರಲಿಲ್ಲ. ಒಂದು ಮನೆಯಲ್ಲಿ ಏನಾದರೂ ಆದರೆ ಸುತ್ತಲಿನವರೆಲ್ಲ ಅತ್ತ ಬೆನ್ನು ಮಾಡಿ ಕೂರುತ್ತಾರೆ. ಇಣುಕಿದವರ, ದಾಟಿದವರ ಗೆರೆಯನ್ನು ಕಾವಲಿನವರು ಬಂದು ಅಳಿಸುತ್ತಾರೆ. ಆಮೇಲೆ ಅವರಿಗೆ ನಿಲ್ಲೋಣಿಯೇ ಗತಿ. ಅಲ್ಲಿ ಮಲಗಲು ಜಾಗವಿಲ್ಲ, ಒಬ್ಬರಿಗೊಬ್ಬರು ಒರಗಿ ನಿಂತೇ ನಿದ್ದೆ ಮಾಡಬೇಕು.

ಮಕ್ಕಳಿಗೆ ಮೂರು ತುಂಬಿದಾಗ ಕಾಣದಿಕೆಯ ಶಾಸ್ತ್ರ ಮಾಡುತ್ತೇವೆ. ಮಗುವನ್ನು ಗೆರೆಯಂಚಿಗೆ ಕೂರಿಸಿದರೆ ಆಚೆ ಪಕ್ಕದವರು ಬೆಲ್ಲ ತಿನ್ನುತ್ತಾರೆ. ಮಗು ನೋಡಿದರೆ, ಕೈ ದಾಟಿಸಿದರೆ, ಬೆರಳಿಗೆ ಏಟು. ಕೆಲವಕ್ಕೆ ವಾರಗಟ್ಟಲೆ ಬೇಕಾಗುತ್ತದೆ. ನನ್ನ ಮಗಳು ತಂಗೆವ್ವ ಒಂದೇ ದಿನಕ್ಕೆ ಕಲಿತಳು. ಆಚೆ ಕೂತು ಬೆಲ್ಲ ತಿಂದವಳು ಇದೇ ಸಾವಂತ್ರೆವ್ವ. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಅಳು ಈಗ ನರಳಾಟವಾಗಿದೆ. ನನ್ನ ಮೊಣಕಾಲ ಬಳಿ ಅರ್ಧ ತಂಬಿಗೆ ನೀರಿದೆ.

ಶಾಸ್ತ್ರವಾದ ಮರುವರ್ಷ ನಾನು ನೀರಿನ ಸಾಲಿಗೆ ಹೋಗಿದ್ದೆ. ಮಕ್ಕಳನ್ನು ಅಲ್ಲಿಗೆ ಒಯ್ಯುವಂತಿಲ್ಲ, ತುಳಿದುಹಾಕುತ್ತಾರೆ. ಮರಳುವಾಗ ದೂರದಿಂದಲೇ ಗೊತ್ತಾಯಿತು. ಈ ಬದಿಯವರ ಮುಖವೆಲ್ಲ ನನ್ನ ಕಡೆಗೆ, ಆ ಬದಿಯವರ ಬೆನ್ನೆಲ್ಲ ನನ್ನ ಕಡೆಗೆ, ನಡುವೆ ನನ್ನ ಮನೆ. ಕೊಡ ಎಸೆದು ಓಡಿದೆ. ತಂಗೆವ್ವನ ಗಂಟಲಿಗೆ ಹುಣಸೆಬೀಜ ಸಿಕ್ಕಿತ್ತು. ಯಾರಾದರೂ ಬೆನ್ನಿಗೆ ಒಂದು ಗುದ್ದು ಗುದ್ದಿದ್ದರೆ ಸಾಕಿತ್ತು. ಅವಳ ಕೈ ಸಾವಂತ್ರೆವ್ವನತ್ತ ಚಾಚಿ, ಗೆರೆಯ ತನಕ ಬಂದು ನಿಂತಿತ್ತು. ಕೆಮ್ಮಣ್ಣು ಒಂದಿಷ್ಟೂ ಕದಡಿರಲಿಲ್ಲ. ಆ ಕೈಯನ್ನು ಯಾರೂ ನೋಡುವ ಮೊದಲೇ ಎತ್ತಿ ಎದೆಗೆ ಒತ್ತಿಕೊಂಡೆ.

ಸಂಜೆ ಸಾವಂತ್ರೆವ್ವ ಗೆರೆಯಂಚಿಗೆ ಬಂದು ಕೂತಳು. ಸಾವಾದ ದಿನ ಮಾತ್ರ ಆಚೆಯವರು ಮಾತನಾಡಿಸಬಹುದು. ‘ಭಾಳ ಶಾಣ್ಯಾ ಇದ್ಲಕ್ಕಾ ನಿನ್ನ ಮಗಳು. ಕಡೀತನಾ ಗೆರಿ ದಾಟ್ಲಿಲ್ಲ ನೋಡು,’ ಎಂದಳು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅವಳು ನನಗೆ ಸಮಾಧಾನ ಹೇಳಲು ಬಂದಿದ್ದಳು, ಅಷ್ಟೆ. ಆದರೆ ಬೆನ್ನು ಮಾಡಿ ಕೂತಿದ್ದವಳಿಗೆ ಅದು ಹೇಗೆ ತಿಳಿಯಿತು? ಅವಳು ನೋಡಿದ್ದಳು. ಕೊನೆಯ ತನಕ ನೋಡುತ್ತಾ ಕೂತಿದ್ದಳು.

ನಾನು ದೂರು ಕೊಡಲಿಲ್ಲ. ಕೊಟ್ಟಿದ್ದರೆ ಅವಳ ಗೆರೆ ಅಳಿಸಿ, ಆ ಜಾಗಕ್ಕೆ ಇನ್ಯಾರನ್ನೋ ತಂದು ಕೂರಿಸುತ್ತಿದ್ದರು. ನನಗೆ ಅವಳೇ ಪಕ್ಕದಲ್ಲಿ ಬೇಕಾಗಿತ್ತು.

ಸತ್ತವರ ಜಾಗ ಪಕ್ಕದವರಿಗೆ ಸೇರಬೇಕೆಂಬುದು ಇಲ್ಲಿನ ಕಾನೂನು. ತಂಗೆವ್ವ ಮಲಗುತ್ತಿದ್ದಷ್ಟು ನೆಲ ಬಿಟ್ಟು ನನ್ನ ಗೆರೆ ಹಿಂದೆ ಸರಿಯಿತು, ಸಾವಂತ್ರೆವ್ವನ ಗೆರೆ ಮುಂದೆ ಬಂತು. ಜಾಗ ಹೆಚ್ಚಿದ್ದವರಿಗಷ್ಟೇ ಹೆರುವ ಅಪ್ಪಣೆ. ಆ ಕಾನೂನು ಬರಬೇಕಾದ ಕಾಲಕ್ಕೆ ಬರಲಿಲ್ಲ, ಕಾಲಿಡಲು ಜಾಗ ಉಳಿಯದಿದ್ದಾಗ ಬಂತು. ಸಾವಂತ್ರೆವ್ವನಿಗೆ ಅಪ್ಪಣೆ ಸಿಕ್ಕಿತು, ಹೆತ್ತಳು. ಈಗ ನರಳುತ್ತಿರುವ ಕೂಸು ಮಲಗಿರುವುದು ನನ್ನ ಮಗಳ ನೆಲದ ಮೇಲೆ.

ಒಂದು ಒದ್ದೆ ಬಟ್ಟೆ ಸಾಕು ಅದಕ್ಕೆ, ಎರಡು ಗುಟುಕು ನೀರು ಸಾಕು. ಗೆರೆ ಅಳಿಸುತ್ತಾರೆಂಬ ಹೆದರಿಕೆಯಿಂದ ಏಳಲಿಲ್ಲ ಎಂದು ಬರೆದರೆ ನೀವು ನಂಬುತ್ತೀರಿ, ನನಗೆ ಅಯ್ಯೋ ಅನ್ನುತ್ತೀರಿ. ಆದರೆ ಕಾವಲಿನವರು ಈ ಬದಿಗೆ ಬಂದು ವಾರವಾಯಿತು. ಸುತ್ತಲೂ ಇರುವುದು ಬೆನ್ನುಗಳೇ. ನಾನು ಎದ್ದು ಹೋಗಿದ್ದರೆ ಯಾರೂ ನೋಡುತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿದೆ, ಅಷ್ಟೇ.

ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ಇನ್ನೊಂದಿರಲಿ ಎನ್ನುವ ಮುಂಚೆ ಇರುವ ಒಂದರ ಮುಖವನ್ನು ನೋಡಿ. ಪಕ್ಕದ ಮನೆಯಲ್ಲಿ ಮಗು ಅತ್ತರೆ ಎದ್ದು ಹೋಗಿ ಬಾಗಿಲು ತಟ್ಟಿ. ಗೋಡೆ ಇದ್ದ ಕಾಲದವರು ಗೋಡೆ ದಾಟಿ ಹೋಗುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದಳು. ಅದು ನಿಜವೋ ಕಟ್ಟುಕಥೆಯೋ ನೀವೇ ಬಲ್ಲಿರಿ.

ನರಳಾಟ ನಿಂತಿತು. ನಾನು ಒಂದೇ ಸಲ ತಿರುಗಿ ನೋಡಿದೆ.

ಸಾವಂತ್ರೆವ್ವ ಬರುತ್ತಿದ್ದಾಳೆ. ಸೊಂಟದಲ್ಲಿ ತುಂಬಿದ ಕೊಡವಿದೆ. ಈ ಬದಿಯ ಮುಖಗಳನ್ನು ನೋಡಿದಳು, ಆ ಬದಿಯ ಬೆನ್ನುಗಳನ್ನು ನೋಡಿದಳು. ಕೊಡ ಬಿತ್ತು. ಸಂಜೆ ನಾನು ಗೆರೆಯಂಚಿಗೆ ಹೋಗಿ ಕೂರಬೇಕು, ಅವಳಿಗೆ ಸಮಾಧಾನ ಹೇಳಬೇಕು. ಮಾತು ಸಿದ್ಧವಾಗಿದೆ: ‘ಭಾಳ ಶಾಣ್ಯಾ ಇತ್ತು ತಂಗೀ ನಿನ್ನ ಕೂಸು. ಕಡೀತನಾ ನನ್ನ ಕಡೇನ ನೋಡ್ಕೋತ ಇತ್ತು.’