ಪ್ರಿಯಕರನ ಪಾತ್ರ

ಪಾರ್ಮಾ, ೧೪ ಜನವರಿ ೧೮೩೯, ಸೋಮವಾರ

ಇಷ್ಟು ವರ್ಷ ಗಂಡುವೇಷ ಕಟ್ಟಿ, ನನ್ನ ತಗ್ಗುದನಿಯಲ್ಲಿ ಹಾಡಿ ನಾಯಕಿಯರನ್ನು ಪ್ರೀತಿಸಿದವಳು ನಾನು. ಹೊಸ ಒಪೆರಾದಲ್ಲಿ ಪ್ರಿಯಕರನ ಪಾತ್ರ ಏರುದನಿಯ ಗಂಡಸು, ಟೆನರ್ ಗಾಯಕನೊಬ್ಬನ ಪಾಲಾಗಿದೆ. ನನಗೆ ಅವನ ತಾಯಿಯ ಪಾತ್ರವಂತೆ!

"ಈಗ ಜನಕ್ಕೆ ಪ್ರೀತಿಗಾಗಿ ಅಳೋ ಗಂಡಸೇ ಬೇಕು ಸಿನ್ಯೋರಾ, ಮೀಸೆ ಅಂಟಿಸ್ಕೊಂಡ ಹೆಂಗಸಲ್ಲ," ಎಂದು ರಂಗಮಂದಿರದ ಯಜಮಾನ ಗಲ್ಬಿಯಾತಿ ನಕ್ಕ. ಆ ಮೀಸೆಗೆ ಹೂವೆಸೆದವರೂ ಇದೇ ಜನ!

ಸಂಜೆ ಆ ಟೆನರ್ ಇಪ್ಪೋಲಿತೊ ಬಂದ. ಮಂಡಿಯೂರಿದರೆ ಕತ್ತಿ ಕಾಲಿಗೆ ಸಿಕ್ಕಿಕೊಳ್ಳುತ್ತದಂತೆ.

"ಸ್ವಲ್ಪ ಹೇಳ್ಕೊಡಿ, ಸಿನ್ಯೋರಾ."

"ಹೋಗಿ ನಿಮ್ಮಮ್ಮನ್ನ ಕೇಳು!" ಎಂದು ರೇಗಿದೆ.

"ಅದಕ್ಕೇ ನಿಮ್ಮ ಹತ್ರ ಬಂದೆ."

ನಗು ಬಂದರೂ ನುಂಗಿಕೊಂಡೆ. ಅವನ ಕತ್ತಿಯನ್ನು ನನ್ನ ಸೊಂಟಕ್ಕೆ ಕಟ್ಟಿ, ಹಿಂದಕ್ಕೊತ್ತಿ, ಖಾಲಿ ಕುರ್ಚಿಯನ್ನೇ ನಾಯಕಿಯೆಂದುಕೊಂಡು, ಮಂಡಿಯೂರಿ ಹಾಡಿ ತೋರಿಸಿದೆ. ಅವನು ಕಣ್ಣೊರೆಸಿಕೊಂಡ. ಅಳುವ ಗಂಡಸು ಬೇಕಂತೆ! ಅಳಿಸಿದವಳು ನಾನಲ್ಲವೇ? ನಾಳೆ ಆ ಗಲ್ಬಿಯಾತಿಗೂ ಹೀಗೇ ಹಾಡಿ ತೋರಿಸುತ್ತೇನೆ.